ಸುಂಟರಗಾಳಿಯ ಬೆನ್ನು ಹತ್ತಿದವರು

ಭಯವನ್ನು ಹುಟ್ಟಿಸುವುದು ಒಂದು. ಭಯದ ಸ್ವರೂಪವನ್ನು ತಿಳಿಸುವುದು ಇನ್ನೊಂದು. ಯಾನ್ ಡ ಬಾಂಟ್ ಅವರು ನಿರ್ದೇಶಿಸಿದ ‘ಟ್ವಿಸ್ಟರ್’ (1996) ಎಂಬ ಚಲಚ್ಚಿತ್ರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ನಮಗೆ ತೋರುತ್ತದೆ.

ಅಮೆರಿಕೆಯ ನಡುಬಯಲಿನಲ್ಲಿ ವಸಂತಕಾಲ ಬಂತೆಂದರೆ, ಮೆಕ್ಸಿಕೋ ಕೊಲ್ಲಿಯಿಂದ ಬರುವ ತೇವದ ಬೆಚ್ಚನೆಯ ಗಾಳಿಯ ಮೇಲೆ ಪಶ್ಚಿಮದ ಒಣಗಾಳಿ ಹಾಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುವುದರಿಂದ ಮೇಲೇರುವ ಮೋಡವೇ ತಿರುಗತೊಡಗುತ್ತದೆ. ಅದರ ಅಡಿಯಿಂದ ಕೆಲವೊಮ್ಮೆ ಸುಂಟರಗಾಳಿ ಇಳಿಯುತ್ತದೆ. ಬಾಲ್ಯದಲ್ಲಿ ತಂದೆಯನ್ನು ಅದಕ್ಕೆ ಬಲಿಗೊಟ್ಟ ಜೋ ಎಂಬ ವಿಜ್ಞಾನಿ, ಅಳತೆಯ ಸಾಧನಗಳನ್ನು ಅದರ ಒಡಲಿಗೆ ಸೇರಿಸಲು ಹೆಣಗುವುದೇ ಚಿತ್ರದ ಕಥೆ. ಗಾಳಿಯ ಮೊರೆತವನ್ನೂ ಆಕಾಶದ ಬಣ್ಣವನ್ನೂ ತೆರೆಯ ಮೇಲೆ ತಂದಿರುವ ಕೌಶಲ ಮೆಚ್ಚತಕ್ಕದ್ದೇ.

ಆದರೆ ಇಲ್ಲಿ ಸುಂಟರಗಾಳಿ ಹಗೆಯಾಗಿದೆ, ಅನ್ವೇಷಣೆ ಪಂದ್ಯವಾಗಿದೆ. ಕೊನೆಯಲ್ಲಿ ನಾಯಕ-ನಾಯಿಕೆಯರು ತೊಗಲ ಪಟ್ಟಿಗಳಿಂದ ತಮ್ಮನ್ನು ಕೊಳವೆಗೆ ಬಿಗಿದುಕೊಂಡು, ಅತ್ಯುಗ್ರವಾದ ಸುಂಟರಗಾಳಿಯ ನಡುವಿನಿಂದ ಬದುಕಿ ಬರುತ್ತಾರೆ. ಇದನ್ನು ನಂಬಿದ ಎಳೆಯರ ಗತಿಯೇನು?

ಇದರ ಎದುರಿಗೆ, 1957ರ ಜೂನ್ 20ರಂದು ಉತ್ತರ ಡಕೋಟದ ಫಾರ್ಗೋ ಪಟ್ಟಣದ ಜನ ತೆಗೆದ ಛಾಯಾಚಿತ್ರಗಳನ್ನಿಡೋಣ. ಅವು ಕಲೆಯ ಹಂಬಲದಿಂದ ತೆಗೆದವಲ್ಲ. ಆದರೆ ವಿಜ್ಞಾನಿ ಟೆಟ್ಸುಯಾ ಫುಜಿಟ ಅವರು ಅಂತಹ ನೂರಕ್ಕೂ ಮಿಕ್ಕ ಚಿತ್ರಗಳನ್ನು ಕಲೆಹಾಕಿ, ಎಲ್ಲಿಂದ, ಯಾವ ಗಳಿಗೆಯಲ್ಲಿ ತೆಗೆದವೆಂದು ಗೊತ್ತುಮಾಡಿ, ಆ ಬಿರುಗಾಳಿಯ ನಡೆಯನ್ನು 1960ರಲ್ಲಿ ನಿರೂಪಿಸಿದರು. ಮೋಡದ ಅಡಿಯಿಂದ ಜೋತಾಡುವ ಭಾಗಕ್ಕೆ ‘ಗೋಡೆಮೋಡ’ವೆಂಬ ಅರ್ಥದ ಹೆಸರನ್ನು ಕೊಟ್ಟವರೂ ಅವರೇ. ಇಂದಿಗೂ ಅಪಾಯವನ್ನು ಮುಂಗಾಣಲು ನೋಡುವ ಕುರುಹುಗಳಲ್ಲಿ ಅದೊಂದು.

ಚಿತ್ರದಲ್ಲಿ ಕಲ್ಪಿಸಿದ ಬಗೆಯ ಕೆಲಸವನ್ನು ಟಿಮ್ ಸಮರಾಸ್ ಅವರು 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಬಳಿ ನಿಜವಾಗಿ ಸಾಧಿಸಿದರು. ಸುಂಟರಗಾಳಿಯ ದಾರಿಯಲ್ಲಿ ಅವರಿಟ್ಟ ಉಪಕರಣ, ವಾಯುವಿನ ಒತ್ತಡ 100 ಮಿಲಿಬಾರ್ ಕುಸಿದುದನ್ನು ದಾಖಲಿಸಿತು. ಎಚ್ಚರಿಕೆಗೆ ಹೆಸರಾಗಿದ್ದ ಇವರೇ 2013ರ ಮೇ 31ರಂದು, ಓಕ್ಲಹೋಮದ ಎಲ್ ರೀನೋ ಬಳಿ ಎದ್ದ 2.6 ಮೈಲಿ ಅಗಲದ ಸುಂಟರಗಾಳಿಗೆ ಸಿಕ್ಕಿ, ಮಗ ಪಾಲ್ ಮತ್ತು ಸಂಗಡಿಗ ಕಾರ್ಲ್ ಯಂಗ್ ಅವರೊಡನೆ ಮಡಿದರು. ತೊಗಲ ಪಟ್ಟಿಯ ಮುಕ್ತಾಯವನ್ನು ನಾವು ಒಪ್ಪಲಾರದ್ದು ಇದಕ್ಕಾಗಿ.

ಚಿತ್ರವನ್ನು ಮಕ್ಕಳು ನೋಡಬಾರದೆಂದು ನಾವು ಹೇಳುವುದಿಲ್ಲ. ನೋಡಿ ಬಂದ ಮರುದಿನ ಉಪಾಧ್ಯಾಯರು ತರಗತಿಯಲ್ಲಿ ಫಾರ್ಗೋದ ಕಥೆಯನ್ನೂ ಎಲ್ ರೀನೋದ ಕಥೆಯನ್ನೂ ಹೇಳಲಿ. ಯಾವುದು ಬೆರಗು, ಯಾವುದು ಅರಿವು ಎಂಬುದನ್ನು ಮಕ್ಕಳೇ ತೂಗಿ ನೋಡುವರು.