ಬೇಡಿಕೆ ಇಲ್ಲವಂತೆ!

‘ಜನರಿಂದ ಬೇಡಿಕೆ ಇಲ್ಲ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಣ್ಣ ಊರುಗಳ ಬಸ್ ನಿಲ್ದಾಣ ನೆನಪಾಗುತ್ತದೆ. ಹೆಂಗಸರಿಗೊಂದು ನೆಟ್ಟಗಿನ ಶೌಚಾಲಯ ಯಾಕಿಲ್ಲ ಎಂದರೆ ಎಷ್ಟೋ ಕಾಲ ಸಿಗುತ್ತಿದ್ದ ಉತ್ತರ ಇದೇ. ಮನೆಯಿಂದ ಹೊರಡುವ ಮುಂಚೆ ನೀರು ಕುಡಿಯದೇ ಇರುವುದನ್ನು ಕಲಿತವಳು ಅರ್ಜಿ ಬರೆಯುವುದನ್ನು ಎಲ್ಲಿ ಕಲಿಯಬೇಕು? ಕೇಳಲಿಲ್ಲ, ಆದ್ದರಿಂದ ಬೇಕಾಗಿಲ್ಲ! ಲೆಕ್ಕ ಎಷ್ಟು ಸುಲಭ ನೋಡಿ.

ಗಾಲ್ಫ್ ಆಟದ ಬಗ್ಗೆಯೂ ಇದೇ ಮಾತನ್ನು ಆಡುತ್ತಾರೆ. ನಮ್ಮ ಕಡೆಯ ಜನಕ್ಕೆ ಅದು ಬೇಡವಂತೆ. ವಾರಕ್ಕೆರಡು ಸಲ ನಲ್ಲಿ ನೀರು ಬರುವ ಊರಲ್ಲಿ ಕೂತು ಇವಳಿಗೇನಪ್ಪ ಗಾಲ್ಫಿನ ಚಿಂತೆ ಎಂದು ನೀವು ನಗಬಹುದು. ನಗಿ, ಆದರೆ ಸ್ವಲ್ಪ ತಾಳಿ.

ಗಾಲ್ಫ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ನಿವೃತ್ತ ದೊಡ್ಡ ಅಧಿಕಾರಿ, ಉದ್ಯಮಿ, ಸಿನಿಮಾದ ಖಳನಾಯಕ. ಹಿಂದೆ ಚೀಲ ಹೊತ್ತು ನಡೆಯುವ ಒಬ್ಬ ಹುಡುಗ. ಇದು ಆಟದ ಚಿತ್ರವಲ್ಲ, ಕಾಂಪೌಂಡು ಗೋಡೆಯ ಚಿತ್ರ. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ಕಾಲದ ಕ್ಲಬ್ಬುಗಳು ಹುಟ್ಟಿದವು. ಬಿಳಿಯರು ಹೋದರು, ಬೇಲಿ ಉಳಿಯಿತು.

ಆಟ ಬೆಳೆದ ಸ್ಕಾಟ್ಲೆಂಡಿನಲ್ಲಿ ಕಥೆ ಬೇರೆ. ಅಲ್ಲಿನ ಸೇಂಟ್ ಆ್ಯಂಡ್ರೂಸ್ ಎಂಬ ಸಣ್ಣ ಊರಿನ ಕಡಲಂಚಿನ ಬಯಲಲ್ಲಿ ಆಡುವ ಹಕ್ಕು ಊರ ಜನರದ್ದು ಎಂದು 1552ರಲ್ಲೇ ಆರ್ಚ್‌ಬಿಷಪ್ ಪತ್ರ ಬರೆದುಕೊಟ್ಟಿದ್ದ. ನಡುವೆ ಊರಿನವರು ಸಾಲಕ್ಕೆ ಸಿಕ್ಕಿ ಬಯಲು ಕಳೆದುಕೊಂಡರು. ಮೊಲ ಸಾಕುವ ವ್ಯಾಪಾರಿಗಳೊಂದಿಗೆ ವರ್ಷಗಟ್ಟಲೆ ಜಗಳವಾಡಿದರು. ಕೊನೆಗೆ 1894ರಲ್ಲಿ ಊರಾಡಳಿತವೇ ಅದನ್ನು ಕೊಂಡುಕೊಂಡಿತು. ಜಗತ್ತಿನ ಗಾಲ್ಫ್ ಪಟುಗಳು ಕನಸು ಕಾಣುವ ‘ಓಲ್ಡ್ ಕೋರ್ಸ್’ ಇಂದಿಗೂ ಸಾರ್ವಜನಿಕರ ಸೊತ್ತು. ಹೊರಗಿನಿಂದ ಬಂದವರಿಗೆ ಶುಲ್ಕವೇನೋ ದುಬಾರಿಯೇ. ಆದರೆ ಸಾಮಾನ್ಯವಾಗಿ ಭಾನುವಾರ ಆಟಕ್ಕೆ ರಜೆ. ಅಂದು ಊರಿನವರು ಮಕ್ಕಳು, ನಾಯಿಗಳ ಸಮೇತ ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.

ಹಾಗೆಂದು ಹೆಂಗಸರಿಗೆ ಅಲ್ಲೇನು ಆರತಿ ಎತ್ತಿ ಕರೆಯಲಿಲ್ಲ. ಭುಜಕ್ಕಿಂತ ಮೇಲೆ ಕೋಲೆತ್ತಿ ಬೀಸುವುದು ಹೆಣ್ಣಿಗೆ ಸಲ್ಲದು ಎನ್ನುತ್ತಿದ್ದ ಕಾಲವದು. ಅವರು 1867ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಕೋಲು ಎತ್ತಬಾರದೇ, ಸರಿ. ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಉರುಳಿಸುವ ಆಟವಷ್ಟನ್ನೇ ಆಡಿದರು. ಏರಿಳಿತದ ಆ ಹುಲ್ಲಿನ ಅಂಗಳಕ್ಕೆ ಇಂದಿನ ಹೆಸರು ‘ಹಿಮಾಲಯ’! ಈಗಲೂ ಅದನ್ನು ನಡೆಸುವುದು ಆ ಮಹಿಳೆಯರ ಸಂಘವೇ. ಅಜ್ಜಿ, ಮೊಮ್ಮಗು, ದಾರಿಹೋಕ, ಯಾರು ಬೇಕಾದರೂ ಚಿಲ್ಲರೆ ಹಣ ಕೊಟ್ಟು ಆಡಬಹುದು. 1754ರಲ್ಲಿ ಹುಟ್ಟಿದ ಪಕ್ಕದ ಗಂಡಸರ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ. 260 ವರ್ಷ ಅವರಿಗೂ ‘ಬೇಡಿಕೆ’ ಕಾಣಿಸಿರಲಿಲ್ಲವೇನೋ.

ಬೇಡಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಬೆಂಗಳೂರಿನ ಹುಡುಗಿಯೇ ತೋರಿಸಿದ್ದಾಳೆ. ಅದಿತಿ ಅಶೋಕ್ ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ತಿಂಡಿಗೆಂದು ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸದ ಅಂಗಳ ಕಾಣುತ್ತಿತ್ತು. ಒಂದು ದಿನ ಒಳಗೆ ಹೋಗಿ ನೋಡಿದರು. ಮಗುವಿಗೆ ಆಗ ಐದು ವರ್ಷ. ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರ ಆಗಸ್ಟ್ 7ರಂದು, ಆಕೆ ನಾಲ್ಕನೆಯವಳಾದಳು. ಕಂಚಿಗೂ ಅವಳಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಚೀಲ ಹೊತ್ತು ಜೊತೆಗೆ ನಡೆದವರು ಅವಳ ತಾಯಿ ಮಹೇಶ್ವರಿ. ಅಂದು ನಸುಕಿನಲ್ಲೇ ಎದ್ದು, ಆಟದ ತಲೆಬುಡ ಗೊತ್ತಿಲ್ಲದವರೆಲ್ಲ ಟಿ.ವಿ. ಮುಂದೆ ಕೂತು ‘ಬರ್ಡಿ’, ‘ಪಾರ್’ ಎಂದು ಮಾತಾಡಿದ್ದು ನಿಮಗೂ ನೆನಪಿರಬಹುದು. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ. ಗಾಲ್ಫಿನ ಮಾತು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ‘ನನಗೂ ಆ ಕೋಲು ಕೊಡಿಸು’ ಎಂದ ಮಗುವನ್ನು ಹಾಸನದ ಅಥವಾ ಗದಗಿನ ತಾಯಿ ಎಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು? ಕಣ್ಣಿಗೆ ಬಿದ್ದರೆ ತಾನೇ ಬಯಕೆ!

ನೀರಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹದಿನೆಂಟು ಕುಳಿಗಳ ಪೂರ್ಣ ಮೈದಾನಕ್ಕೆ ನೂರು ಎಕರೆಗೂ ಮಿಕ್ಕಿ ಜಾಗ ಬೇಕು, ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರಬೇಕು. ತಾಲ್ಲೂಕಿಗೊಂದು ಅಂಥದ್ದು ಮಾಡಿ ಎಂದರೆ ಅದು ಹುಚ್ಚು. ರೈತರ ಜಮೀನಿನ ಮೇಲಂತೂ ಬೇಡವೇ ಬೇಡ. ದೆಹಲಿಯಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ಕುತುಬ್ ಮಿನಾರಿನ ಹತ್ತಿರ ಸಾರ್ವಜನಿಕ ಮೈದಾನ ಮಾಡಿದೆ, ಸದಸ್ಯರಲ್ಲದವರೂ ಹಣ ಕಟ್ಟಿ ಆಡಬಹುದು. ಒಳ್ಳೆಯದೇ. ಆದರೆ ನಮ್ಮಂಥ ಊರಿಗೆ ದೆಹಲಿಯ ಮಾದರಿಗಿಂತ ಆ ಹೆಂಗಸರ ‘ಹಿಮಾಲಯ’ವೇ ಹೊಂದುತ್ತದೆ.

ನಮ್ಮ ಪುರಸಭೆಯ ಪಾರ್ಕುಗಳಲ್ಲಿ ಹುಲ್ಲು ಈಗಲೂ ಇದೆ, ಅದಕ್ಕೆ ನೀರೂ ಬೀಳುತ್ತಿದೆ. ಜೊತೆಗೆ ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಬೋರ್ಡೂ ಇದೆ. ಆ ಬೋರ್ಡು ಕಿತ್ತು ಒಂದು ಮೂಲೆಯಲ್ಲಿ ಒಂಬತ್ತು ಕುಳಿ ತೋಡಿಸಲಿ. ಕಾವಲುಗಾರನ ಕೋಣೆಯಲ್ಲಿ ಹತ್ತು ಕೋಲು, ಒಂದು ಬುಟ್ಟಿ ಚೆಂಡು ಇರಲಿ. ಮನೆಗೆಲಸ ಮುಗಿದು, ಮಕ್ಕಳು ಶಾಲೆಯಿಂದ ಬರುವ ಮುಂಚಿನ ಎರಡು ಗಂಟೆ ಹೆಂಗಸರಿಗೇ ಮೀಸಲಿಡಲಿ. ಆರು ತಿಂಗಳು ಹೀಗೆ ನಡೆಸಿ, ಬೇಡಿಕೆಯ ಲೆಕ್ಕ ಆಮೇಲೆ ಹಾಕಲಿ.