ಕುಡುಕ ಕೋಚ್ ಮತ್ತು ಚಂದ್ರಶೇಖರ್ ಮಣಿಕಟ್ಟು

'ಸಿತಾರೆ ಜಮೀನ್ ಪರ್' ಮತ್ತು ಅದರ ಸ್ಪ್ಯಾನಿಷ್ ಮೂಲ 'ಕಾಂಪಿಯೋನೆಸ್' ಎರಡನ್ನೂ ಈ ವಾರ ಎದುರುಬದುರು ಕೂರಿಸಿ ನೋಡೋಣ ಎಂದು ಮಾತು ಕೊಟ್ಟಿದ್ದೆ. ಎರಡನ್ನೂ ಮತ್ತೊಮ್ಮೆ ನೋಡಿದೆ. ಹೋಲಿಕೆಗೆ ಹೆಚ್ಚು ಜಾಗ ಬೇಕಿಲ್ಲ. ಹಿಂದಿಯದು ಮೂಲದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ನಡೆದಿದೆ. ಎರಡೂ ಕಡೆ ಬೌದ್ಧಿಕ ವೈಕಲ್ಯವುಳ್ಳ ಆಟಗಾರರ ಪಾತ್ರಕ್ಕೆ ಅದೇ ಬದುಕು ಬಾಳುತ್ತಿರುವವರನ್ನೇ ತಂದಿದ್ದಾರೆ, ಅದಕ್ಕೆ ನನ್ನ ನಮಸ್ಕಾರ. ನನ್ನನ್ನು ಕಾಡತೊಡಗಿದ್ದು ಬೇರೆ ವಿಷಯ: ಕೋಚ್.

ಎರಡರಲ್ಲೂ ಬಾಸ್ಕೆಟ್‌ಬಾಲ್ ಕೋಚ್ ಕುಡಿದು ಕಾರು ಓಡಿಸಿ ಸಿಕ್ಕಿಬೀಳುತ್ತಾನೆ. ಶಿಕ್ಷೆಯ ರೂಪದಲ್ಲಿ ಬೌದ್ಧಿಕ ವೈಕಲ್ಯವುಳ್ಳವರ ತಂಡಕ್ಕೆ ಆಟ ಕಲಿಸುವ ಕೆಲಸ ಅವನ ಹೆಗಲಿಗೆ ಬೀಳುತ್ತದೆ. 2005ರ ಕೊರಿಯನ್ ಚಿತ್ರ 'ಮ್ಯಾರಥಾನ್' ನೆನಪಿಸಿಕೊಳ್ಳಿ. ಅಲ್ಲಿಯ ಹಳೆಯ ಓಟಗಾರನೂ ಕುಡಿದು ಗಾಡಿ ಓಡಿಸಿದ ತಪ್ಪಿಗೇ ಸಮಾಜಸೇವೆಯ ಶಿಕ್ಷೆ ಪಡೆದು ವಿಶೇಷ ಶಾಲೆಗೆ ಬಂದವನು. ಅದೇ ವರ್ಷದ 'ಇಕ್ಬಾಲ್'ನಲ್ಲಿ ನಾಸಿರುದ್ದೀನ್ ಷಾ ಮಾಡಿದ ಮೋಹಿತ್ ಊರಿನ ಕುಡುಕ. 2023ರ 'ಘೂಮರ್'ನಲ್ಲಿ ಅಭಿಷೇಕ್ ಬಚ್ಚನ್ ಕೈಯಲ್ಲೂ ಬಾಟಲಿ. ಮೂರು ದೇಶ, ಮೂರು ಭಾಷೆ, ಮೂರು ಆಟ. ಪಾತ್ರ ಮಾತ್ರ ಒಂದೇ. ಸೋತ, ಕಹಿಯಾದ, ಬಾಟಲಿಗೆ ಬಿದ್ದ ಗಂಡಸು.

ಯಾಕೆ ಹೀಗಾಗುತ್ತದೆ? ವೈಕಲ್ಯವುಳ್ಳ ಹುಡುಗ ಅಥವಾ ಹುಡುಗಿಯ ಕಥೆಯನ್ನು ನೇರವಾಗಿ ಹೇಳುವ ಧೈರ್ಯ ಬರೆಯುವವರಿಗಿಲ್ಲ. ಪ್ರೇಕ್ಷಕ ಆ ದೇಹದೊಳಗೆ ಹೋಗಿ ಕೂರಲಾರ ಎಂದು ಅವರೇ ಮೊದಲೇ ತೀರ್ಮಾನಿಸಿಬಿಡುತ್ತಾರೆ. ಆಗ ಪ್ರೇಕ್ಷಕನ ಪರವಾಗಿ ಒಬ್ಬನನ್ನು ಒಳಗೆ ಕಳಿಸಬೇಕಾಗುತ್ತದೆ. ಅವನು ಮೊದಲು ಅಸಡ್ಡೆ ತೋರಬೇಕು, ನಡುವೆ ಕರಗಬೇಕು, ಕೊನೆಗೆ ಉದ್ಧಾರವಾಗಬೇಕು. ಉದ್ಧಾರವಾಗಲು ಅವನು ಮೊದಲು ಬಿದ್ದಿರಬೇಕಲ್ಲ, ಅದಕ್ಕೇ ಬಾಟಲಿ. ಹೀಗೆ ಓಡಿದವನು ಹುಡುಗ, ಗೆದ್ದವನು ಕೋಚ್ ಆಗಿಬಿಡುತ್ತಾನೆ. ಇದನ್ನು ನಾನು ಒಪ್ಪುವುದಿಲ್ಲ.

ಈ ಬಗೆಯ ಚಿತ್ರಗಳನ್ನು ಕರವಸ್ತ್ರ ಎಷ್ಟು ಒದ್ದೆಯಾಯಿತು ಎಂಬುದರ ಮೇಲೆ ತೂಗುವ ವಿಮರ್ಶಕರ ಪಂಥವೊಂದಿದೆ. ಅವರ ಜೊತೆ ನನ್ನ ಜಗಳ ಹಳೆಯದು. 'ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ, ಆಟದ ಒಳಸುಳಿ ಯಾರಿಗೆ ಬೇಕು' ಎಂಬುದು ಅವರ ವಾದ. ನನ್ನ ಉತ್ತರ ಅಂದಿನಿಂದ ಇಂದಿನವರೆಗೂ ಒಂದೇ: ಒಳಸುಳಿ ಬೇಕಿರುವುದೇ ಮನೆಮಂದಿಗೆ, ಅದರಲ್ಲೂ ಮಕ್ಕಳಿಗೆ. ಒಂದು ಕೈಯಿಲ್ಲದ ಹುಡುಗಿ ಹೇಗೆ ಈಜುತ್ತಾಳೆ, ಹೇಗೆ ತಿರುಗುತ್ತಾಳೆ ಎಂದು ಮಗು ಮೊದಲು ಕೇಳುತ್ತದೆ. ಪಾಪ ಅನ್ನುವುದನ್ನು ಅದು ದೊಡ್ಡವರಿಂದ ಆಮೇಲೆ ಕಲಿಯುತ್ತದೆ.

ಮಗುವಿನ ಆ ಪ್ರಶ್ನೆಗೆ ಉತ್ತರ ಕೊಟ್ಟ ಚಿತ್ರ 2011ರ 'ಸೋಲ್ ಸರ್ಫರ್'. ಹವಾಯಿಯ ಕವಾಯಿ ದ್ವೀಪದ ಬೆಥನಿ ಹ್ಯಾಮಿಲ್ಟನ್ 2003ರ ಅಕ್ಟೋಬರ್ 31ರಂದು ಟೈಗರ್ ಶಾರ್ಕ್ ದಾಳಿಯಲ್ಲಿ ಎಡಗೈ ಕಳೆದುಕೊಂಡಾಗ ಅವಳಿಗೆ 13 ವರ್ಷ. ಒಂದು ತಿಂಗಳೊಳಗೆ ಮತ್ತೆ ಕಡಲಿಗಿಳಿದಳು. ಚಿತ್ರದಲ್ಲಿ ಪ್ರವಚನ ಜಾಸ್ತಿಯಿದೆ, ಹಿನ್ನೆಲೆ ಸಂಗೀತ ಒಂದು ಕ್ಷಣವೂ ಬಾಯಿ ಮುಚ್ಚುವುದಿಲ್ಲ. ಅದೆಲ್ಲ ಇರಲಿ. ಸರ್ಫಿಂಗ್‌ನಲ್ಲಿ ಅಲೆಯ ಮೇಲೆ ನಿಲ್ಲುವುದಕ್ಕಿಂತ ಮೊದಲು ಇನ್ನೊಂದು ಕೆಲಸವಿದೆ. ದಡದತ್ತ ಮುರಿದು ಬರುವ ಅಲೆಗಳನ್ನು ದಾಟಿ ಒಳಗೆ ಹೋಗಬೇಕು. ಹಲಗೆಯ ಎರಡು ಅಂಚನ್ನು ಎರಡು ಕೈಯಲ್ಲಿ ಹಿಡಿದು, ಮೂತಿಯನ್ನು ನೀರಿಗೆ ಅದುಮಿ, ಅಲೆಯ ಅಡಿಯಿಂದ ನುಸುಳಬೇಕು. ಒಂದೇ ಕೈಯಲ್ಲಿ ಅದುಮಿದರೆ ಹಲಗೆ ಪಕ್ಕಕ್ಕೆ ಹೊರಳಿ ಅಲೆಯ ಪಾಲಾಗುತ್ತದೆ. ಬೆಥನಿ ಸೋಲುವುದು ಇಲ್ಲಿ. ಅವಳ ಮನೋಬಲವೇನೂ ಕುಸಿದಿಲ್ಲ. ಇದು ಬರೀ ತೂಕದ ಲೆಕ್ಕ. ಅವಳ ಅಪ್ಪ ಹಲಗೆಯ ನಡುವೆ ಒಂದು ಹಿಡಿ ಕೂರಿಸಿಕೊಡುತ್ತಾನೆ. ಅಷ್ಟೇ. ಹಿಡಿ ಹಿಡಿದು ನಡುವಿನಿಂದ ಅದುಮಿದರೆ ಹಲಗೆ ನೆಟ್ಟಗೆ ಮುಳುಗುತ್ತದೆ. ಇಡೀ ಚಿತ್ರದಲ್ಲಿ ನನ್ನ ಎದೆ ತುಂಬಿ ಬಂದದ್ದು ಆ ಹಿಡಿಯನ್ನು ನೋಡಿದಾಗ. ಅದು ನಿಜಜೀವನದಲ್ಲೂ ನಡೆದದ್ದೇ. ಕೈ ಕಳೆದುಕೊಂಡ ಮೇಲಿನ ಸರ್ಫಿಂಗ್ ದೃಶ್ಯಗಳಲ್ಲಿ ಅಲೆಯೇರಿದವಳೂ ಸ್ವತಃ ಬೆಥನಿಯೇ.

'ಮ್ಯಾರಥಾನ್' ಬಗ್ಗೆ ಇಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಕೊರಿಯಾದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ನೋಡಿದ ಚಿತ್ರ. ನಿರ್ದೇಶಕ ಚೋಂಗ್ ಯೂನ್‌ಚುಲ್, ಚೊವೊನ್ ಎಂಬ ಹುಡುಗನ ಪಾತ್ರದಲ್ಲಿ ಚೋ ಸುಂಗ್‌ವೂ. ಆಟಿಸಂ ಇರುವ, ಮೂರು ಗಂಟೆಯೊಳಗೆ ಮ್ಯಾರಥಾನ್ ಓಡಿದ ಬೇ ಹ್ಯೋಂಗ್‌ಜಿನ್ ಎಂಬ ಯುವಕನ ಬದುಕು ಇದಕ್ಕೆ ಆಧಾರ. ಕುಡುಕ ಕೋಚ್ ಇದ್ದೂ ಈ ಚಿತ್ರ ಕೋಚ್‌ನದಾಗಲಿಲ್ಲ. ಯಾಕೆಂದು ಹೇಳುತ್ತೇನೆ.

ಚೊವೊನ್‌ಗೆ ಜೀಬ್ರಾ ಎಂದರೆ ಪ್ರಾಣ, ಚಾಕೊಲೇಟ್ ಪೈ ಎಂದರೆ ಪ್ರಾಣ. ಓಟ ಇಷ್ಟವೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಮ್ಮ ಓಡಿಸುತ್ತಾಳೆ, ಅವನು ಓಡುತ್ತಾನೆ. ಕೋಚ್ ಒಂದು ದಿನ ಉಡಾಫೆಯಿಂದ 'ಮೈದಾನಕ್ಕೆ ನೂರು ಸುತ್ತು ಹಾಕು' ಎಂದು ಹೇಳಿ ತನ್ನ ಪಾಡಿಗಿರುತ್ತಾನೆ. ಹೇಳಿದ್ದನ್ನು ಹೇಳಿದಂತೆ ಮಾಡುವ ಹುಡುಗ ಓಡುತ್ತಲೇ ಇರುತ್ತಾನೆ. ಆ ದೃಶ್ಯದಲ್ಲಿ ಭಾಷಣವಿಲ್ಲ. ಬೆವರು, ಉಸಿರು, ಭಾರವಾಗುತ್ತ ಬರುವ ಕಾಲು ಮಾತ್ರ. ಕೋಚ್ ಎಂಬುವವನು ಅಲ್ಲಿ ನೋಡುವವನಾಗಿ ಕೆಳಗಿಳಿಯುತ್ತಾನೆ, ಓಟಗಾರ ಮೇಲೇರುತ್ತಾನೆ.

ಇನ್ನೊಂದು ದೃಶ್ಯ ರೈಲು ನಿಲ್ದಾಣದ್ದು. ಜೀಬ್ರಾ ಪಟ್ಟೆಯ ಸ್ಕರ್ಟ್ ತೊಟ್ಟ ಹೆಂಗಸೊಬ್ಬಳು ನಿಂತಿದ್ದಾಳೆ. ಹುಡುಗನ ಕೈ ಆ ಪಟ್ಟೆಯನ್ನು ಮುಟ್ಟುತ್ತದೆ. ಅವಳ ಜೊತೆಗಿದ್ದವನು ಹೊಡೆಯುತ್ತಾನೆ. ಆಗ ಚೊವೊನ್ ತನ್ನ ಅಮ್ಮ ಇಷ್ಟು ವರ್ಷ ಎದುರಿಗೆ ಬಂದವರಿಗೆಲ್ಲ ಒಪ್ಪಿಸುತ್ತ ಬಂದ ಮಾತನ್ನು, ನಮ್ಮ ಮಗುವಿಗೆ ವೈಕಲ್ಯವಿದೆ ಎಂಬುದನ್ನು, ತಾನೇ ಗಂಟಲು ಹರಿಯುವಂತೆ ಕೂಗುತ್ತಾನೆ. ಅಮ್ಮನ ರಕ್ಷೆಯ ಮಾತು ಮಗನ ಬಾಯಲ್ಲಿ ಬಂದಾಗ ಎಷ್ಟು ಕ್ರೂರವಾಗಿ ಕೇಳುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಹುಡುಗ ಚಿಕ್ಕವನಿದ್ದಾಗ ಮೃಗಾಲಯದಲ್ಲಿ ಕಳೆದುಹೋಗಿದ್ದ. ಕಳೆದುಹೋದದ್ದಲ್ಲ, ಸಾಕಾಗಿ ಹೋದ ಒಂದು ಗಳಿಗೆಯಲ್ಲಿ ಅಮ್ಮನೇ ಕೈ ಬಿಟ್ಟಿದ್ದಳು. ಅದು ಅವಳಿಗೂ ಗೊತ್ತು, ಅವನಿಗೂ ನೆನಪಿದೆ. ಆದ್ದರಿಂದಲೇ ಚುಂಚಿಯೋನ್ ಮ್ಯಾರಥಾನ್‌ನಲ್ಲಿ ಓಟ ಶುರುವಾಗುವಾಗ ಅಮ್ಮ ಬಂದು ತಡೆದು ಹಿಡಿದ ಕೈ ಅಷ್ಟು ಭಾರವಾಗುತ್ತದೆ. ಈ ಸಲ ಬಿಡಿಸಿಕೊಳ್ಳುವವನು ಮಗ. ಓಡಬೇಕೆಂಬ ತೀರ್ಮಾನ ಅಮ್ಮನದೂ ಅಲ್ಲ, ಕೋಚ್‌ನದೂ ಅಲ್ಲ.

'ಇಕ್ಬಾಲ್' ಈ ಎತ್ತರಕ್ಕೆ ಏರಲಿಲ್ಲ, ಆದರೂ ನನಗೆ ಪ್ರಿಯ. ಕಿವಿ ಕೇಳದ, ಮಾತು ಬಾರದ ವೇಗದ ಬೌಲರ್ ಆಗಿ ಶ್ರೇಯಸ್ ತಲ್ಪಡೆ, ಅವನ ಕೈಸನ್ನೆಗೆ ದನಿಯಾದ ತಂಗಿ ಖದೀಜಾ ಆಗಿ ಶ್ವೇತಾ ಬಸು ಪ್ರಸಾದ್. ಅಕಾಡೆಮಿಯ ಗುರೂಜಿಯಾಗಿ ನಮ್ಮ ಗಿರೀಶ್ ಕಾರ್ನಾಡರು ದನಿಯೇರಿಸದೆಯೇ ಹುಡುಗನಿಗೆ ಬಾಗಿಲು ಮುಚ್ಚುತ್ತಾರೆ. 1976ರ 'ಮಂಥನ್'ನಲ್ಲಿ ಎದುರಾಗಿದ್ದ ಕಾರ್ನಾಡ್ ಮತ್ತು ನಾಸಿರುದ್ದೀನ್ ಮತ್ತೆ ಎದುರಾಗುವುದನ್ನು ನೋಡುವುದೇ ಒಂದು ಸುಖ. ನನ್ನ ಕೊರಗು ಒಂದೇ. ಸದ್ದಿಲ್ಲದ ಲೋಕದಲ್ಲಿ ಬೌಲಿಂಗ್ ಹೇಗಿರುತ್ತದೆ? ಬ್ಯಾಟಿಗೆ ಚೆಂಡು ತಾಗಿದ ಸಣ್ಣ ಸದ್ದು, ಅಂಪೈರ್ ಕೂಗು, ಕ್ಯಾಚಿಗೆ ಓಡುವಾಗ ಜೊತೆಗಾರನ ಕರೆ, ಇವೆಲ್ಲ ಇಲ್ಲದವನು ಏನನ್ನು ನೋಡಿ ಆಡುತ್ತಾನೆ? ಅದನ್ನು ಇನ್ನೂ ಹೆಚ್ಚು ತೋರಿಸಬೇಕಿತ್ತು. ಬಾಲ್ಕಿಯವರ 'ಘೂಮರ್' ಎಡವಿದ್ದು ಬಹಳ, ಆದರೆ ಬಲಗೈ ಹೋದ ಬ್ಯಾಟರ್ ಎಡಗೈ ಸ್ಪಿನ್ನರ್ ಆಗುವ ದಾರಿಯನ್ನು ಹುಡುಕಲಾದರೂ ಹೊರಟಿತು. ಅದರ ಹಿಂದಿನ ಪ್ರೇರಣೆ ಹಂಗೆರಿಯ ಕಾರೊಯ್ ಟಕಾಚ್. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋದ ಮೇಲೆ ಎಡಗೈಯಲ್ಲಿ ಪಿಸ್ತೂಲು ಹಿಡಿದು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವನು.

ಸ್ಪೇನ್ ಮಾತು ಬಂದಿದ್ದರಿಂದ ಒಂದನ್ನು ಹೇಳಲೇಬೇಕು. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ವೈಕಲ್ಯವುಳ್ಳವರ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದದ್ದು ಸ್ಪೇನ್. ಆ ತಂಡದ 12 ಮಂದಿಯಲ್ಲಿ 10 ಮಂದಿಗೆ ಯಾವ ವೈಕಲ್ಯವೂ ಇರಲಿಲ್ಲ. ತಂಡದೊಳಗೇ ಇದ್ದ ಪತ್ರಕರ್ತ ಕಾರ್ಲೋಸ್ ರಿಬಗೋರ್ದ ಅದನ್ನು ಬಯಲಿಗೆಳೆದ. ಪದಕಗಳು ವಾಪಸಾದವು, ನಿಜಕ್ಕೂ ಅರ್ಹರಾಗಿದ್ದ ಇಬ್ಬರೂ ಕಳೆದುಕೊಂಡರು. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ ಜಗತ್ತಿನ ಎಲ್ಲ ಬೌದ್ಧಿಕ ವೈಕಲ್ಯದ ಕ್ರೀಡಾಪಟುಗಳಿಗೂ 2012ರ ಲಂಡನ್ ತನಕ ಪ್ಯಾರಾಲಿಂಪಿಕ್ಸ್ ಬಾಗಿಲು ಮುಚ್ಚಿತು. ಅದೇ ನಾಡಿನಲ್ಲಿ 2018ರಲ್ಲಿ ನಿರ್ದೇಶಕ ಹಾವಿಯರ್ ಫೆಸ್ಸರ್ ನಿಜವಾದವರನ್ನೇ ಪರದೆಗೆ ತಂದರು, ಫೈನಲ್ ಸೋತ ತಂಡ ಗೆದ್ದವರನ್ನು ಅಪ್ಪಿ ಕುಣಿಯುವಂತೆ ಮಾಡಿದರು ಎಂಬುದನ್ನು ತಿಳಿದು ನೋಡಿದರೆ 'ಕಾಂಪಿಯೋನೆಸ್' ಬೇರೆಯೇ ಚಿತ್ರವಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ನಾನು ಕಾಯುತ್ತಿರುವ ಚಿತ್ರ ಇನ್ನೂ ಬಂದಿಲ್ಲ. ಅದು ನಮ್ಮ ಬಿ.ಎಸ್. ಚಂದ್ರಶೇಖರ್ ಅವರದು.

1945ರಲ್ಲಿ ಮೈಸೂರಲ್ಲಿ ಹುಟ್ಟಿದ ಹುಡುಗ. ಎಳವೆಯಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿತು. ಬೆಂಗಳೂರಿಗೆ ಬಂದ ಮೇಲೆ ಬೀದಿ ಕ್ರಿಕೆಟ್, ಆಮೇಲೆ ಸಿಟಿ ಕ್ರಿಕೆಟರ್ಸ್ ಕ್ಲಬ್. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುವುದು ಎಡಗೈಯಲ್ಲಿ. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲೇ. ಇಲ್ಲೇ ಎಲ್ಲ ಚಿತ್ರಕಥೆಗಳೂ ತಲೆಕೆಳಗಾಗುವುದು. ಆ ತೆಳ್ಳನೆಯ ತೋಳು ಚಾಟಿಯಂತೆ ಬೀಸಿ ಬರುತ್ತಿತ್ತು, ಮಣಿಕಟ್ಟು ಎತ್ತ ಬೇಕಾದರತ್ತ ಬಾಗುತ್ತಿತ್ತು. ಸ್ಪಿನ್ನರ್‌ಗೆ ಉದ್ದವೆನಿಸುವ ಓಟ, ಮಧ್ಯಮ ವೇಗಿಯ ವೇಗ, ಅದರಲ್ಲಿ ಗೂಗ್ಲಿ. 1964ರ ಜನವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ವಯಸ್ಸು 18. ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ. 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಹೋದ ಮೇಲೆ ಒಂದು ಚೆಂಡು ಎರಡಾಗಿ ಕಂಡಾಗ ಒಳಗಿನ ಚೆಂಡಿಗೆ ಬ್ಯಾಟ್ ಬೀಸಿದವರು, ಟೋಪಿಯನ್ನು ಆ ಕಣ್ಣಿನ ಮೇಲೆಳೆದುಕೊಂಡು ಆಡಲು ಕಲಿತವರು. ಒಂದೇ ಮೈದಾನದಲ್ಲಿ ಇಂಥ ಇಬ್ಬರು. ಅವತ್ತು ಚೆಂಡನ್ನು ಚಂದ್ರ ಕೈಗಿತ್ತ ಆ ನಾಯಕನ ಮನಸ್ಸಿನಲ್ಲಿ ಏನಿತ್ತು ಎಂಬುದೇ ಒಂದು ದೃಶ್ಯ.

1971ರ ಓವಲ್. ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್‌ಗೆ 71 ರನ್ ಮುನ್ನಡೆ. ಎರಡನೆಯದರಲ್ಲಿ 101ಕ್ಕೆ ಸರ್ವಪತನ, ಚಂದ್ರಗೆ 38ಕ್ಕೆ 6. ಲಕ್‌ಹರ್ಸ್ಟ್ ಹೊಡೆದ ಚೆಂಡು ಚಂದ್ರ ಕೈಗೆ ತಾಗಿ ವಿಕೆಟ್‌ಗೆ ಬಡಿದು ಜೇಮ್ಸನ್ ರನ್‌ಔಟ್. ಎಡ್ರಿಚ್ ಬ್ಯಾಟ್ ಕೆಳಗಿಳಿಯುವ ಮೊದಲೇ ವೇಗದ ಚೆಂಡು ವಿಕೆಟ್ ಉರುಳಿಸಿತ್ತು. ಮುಂದಿನ ಎಸೆತದಲ್ಲೇ ಫ್ಲೆಚರ್, ಕ್ಯಾಚ್ ಸೋಲ್ಕರ್. ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು. ಆರು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52ಕ್ಕೆ 6, ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಜಯ. ಒಟ್ಟು 58 ಟೆಸ್ಟ್, 242 ವಿಕೆಟ್.

ಇದರಲ್ಲಿ ಕುಡುಕ ಕೋಚ್‌ಗೆ ಜಾಗವಿಲ್ಲ. ವೈಕಲ್ಯವನ್ನು 'ಮೆಟ್ಟಿ ನಿಂತ' ಹಾಡಿಗೂ ಜಾಗವಿಲ್ಲ, ಯಾಕೆಂದರೆ ಚಂದ್ರ ಆ ಕೈಯನ್ನು ಮೆಟ್ಟಲಿಲ್ಲ, ಅದರಿಂದಲೇ ಆಡಿದರು. ಈ ಕಥೆಗೆ ಕೈಹಾಕುವ ನಿರ್ದೇಶಕರಿಗೆ ನನ್ನದೊಂದು ಬಿನ್ನಹ: ಹೆಸರಾಂತ ನಟನಿಗೆ ಮೂರು ತಿಂಗಳು ಬೌಲಿಂಗ್ ಕಲಿಸಲು ಹೋಗಬೇಡಿ. ಕ್ಯಾಮೆರಾ ನಿಲ್ಲಬೇಕಾದದ್ದು ಮುಖದ ಮೇಲಲ್ಲ, ಮಣಿಕಟ್ಟಿನ ಮೇಲೆ. ಬೆಂಗಳೂರು, ಮೈಸೂರಿನ ಕ್ಲಬ್ ಮೈದಾನಗಳಿಗೆ ಬೆಳಗ್ಗೆ ಆರಕ್ಕೆ ಹೋಗಿ, ನೆಟ್ಸ್‌ನಲ್ಲಿ ಗೂಗ್ಲಿ ಹಾಕುವ ಹದಿನೇಳು ಹದಿನೆಂಟರ ಹುಡುಗನನ್ನು ಹುಡುಕಿ. ನಟನೆಯನ್ನು ಅವನಿಗೆ ಕಲಿಸಬಹುದು.