ಸಭೆಯು ಹಾಡುವುದಕ್ಕಾಗಿ ಗಾನವೃಂದ

ಗಾನವೃಂದದ ಸೇವೆಯನ್ನು ವಿಮರ್ಶಿಸುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ವೃಂದವು ಎಷ್ಟು ಚೆನ್ನಾಗಿ ಹಾಡಿತು ಎಂಬುದು. ಆರಾಧನೆಯ ದೃಷ್ಟಿಯಿಂದ ಕೇಳತಕ್ಕ ಪ್ರಶ್ನೆ ಬೇರೆ: ವೃಂದದ ದೆಸೆಯಿಂದ ಸಭೆಯು ಎಷ್ಟು ಚೆನ್ನಾಗಿ ಹಾಡುವಂತಾಯಿತು? ಕ್ರಿಸ್ತಜಯಂತಿಗಾಗಿ ವಾರಗಟ್ಟಲೆ ಅಭ್ಯಾಸ ಮಾಡಿದ ವೃಂದವು ಹಾಡುವಾಗ ಸಭಿಕರು ಸುಮ್ಮನೆ ಆಲಿಸಿ, ಜನವರಿಯ ಭಾನುವಾರಗಳಲ್ಲಿ ಅದೇ ಸಭಿಕರು ಪುಸ್ತಕ ನೋಡುತ್ತ ತುಟಿಯಾಡಿಸುವುದಾದರೆ, ಆ ಅಭ್ಯಾಸದ ಫಲ ಯಾರಿಗೆ ಸಂದಿತೆಂದು ನಾವು ಯೋಚಿಸಬೇಕಾಗಿದೆ.

ಶಾಸ್ತ್ರವು ಶಿಕ್ಷಣವನ್ನು ಕಡೆಗಣಿಸುವುದಿಲ್ಲ. 1 ಪೂರ್ವಕಾಲವೃತ್ತಾಂತದ 25ನೆಯ ಅಧ್ಯಾಯವು ಗಾನಸೇವೆಯಲ್ಲಿ ನುರಿತವರನ್ನು 288 ಮಂದಿ ಎಂದು ಎಣಿಸುತ್ತದೆ. ಆದರೆ ಅವರ ಸರದಿಯನ್ನು ಗೊತ್ತುಮಾಡುವಾಗ ಹಿರಿಯ ಕಿರಿಯ, ಗುರು ಶಿಷ್ಯ ಎಂಬ ಭೇದವಿಲ್ಲದೆ ಚೀಟು ಹಾಕಲಾಯಿತು. 136ನೆಯ ಕೀರ್ತನೆಯ 26 ವಚನಗಳಲ್ಲಿಯೂ ಒಂದೇ ಪಲ್ಲವಿ ಮರಳಿ ಬರುತ್ತದೆ. ಬಲ್ಲವರು ಎತ್ತಿಕೊಟ್ಟದ್ದಕ್ಕೆ ಜನರೆಲ್ಲರೂ ಓಗೊಡುವುದಕ್ಕೆ ತಕ್ಕ ರಚನೆ ಅದು. ಸಭಾಚರಿತ್ರೆಯಲ್ಲಿ ಈ ಸಮತೋಲ ಕೆಟ್ಟದ್ದೂ ಉಂಟು. ನಾಲ್ಕನೆಯ ಶತಮಾನದ ಲವೊದಿಕೀಯ ಸಮ್ಮೇಳನವು ತನ್ನ 15ನೆಯ ನಿಯಮದಲ್ಲಿ ನೇಮಿತ ಗಾಯಕರ ಹೊರತು ಬೇರೆಯವರು ದೇವಾಲಯದಲ್ಲಿ ಹಾಡಬಾರದೆಂದಿತು. 1524ರಲ್ಲಿ ಲೂಥರನ ಬಳಗದ ಮೊದಲ ಗೀತಸಂಗ್ರಹಗಳು ಜನರ ಭಾಷೆಯ ಹಾಡನ್ನು ಜನರ ಕೈಗೇ ಕೊಟ್ಟವು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಗಾನವೃಂದಗಳನ್ನು ಪೋಷಿಸಬೇಕೆಂದು ಹೇಳುತ್ತಲೇ, ಸಮಸ್ತ ಸಭೆಯು ತನ್ನ ಪಾಲಿನ ಗಾನದಲ್ಲಿ ಕ್ರಿಯಾಶೀಲವಾಗಿರಬೇಕೆಂದೂ ವಿಧಿಸಿತು.

ಹಾಗಾದರೆ ನಮ್ಮ ಸಭೆ ಏಕೆ ಹಾಡುವುದಿಲ್ಲ? ಭಕ್ತಿಯ ಕೊರತೆಯೆಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ತೊಡಕಿನ ಒಂದು ಬೇರು ಭಾಷೆಯಲ್ಲಿದೆ. ನಮಗೆ ಬಳುವಳಿಯಾಗಿ ಬಂದ ಜರ್ಮನ್ ಮತ್ತು ಇಂಗ್ಲಿಷ್ ರಾಗಗಳು ಒತ್ತಕ್ಷರದ ಏರಿಳಿತವನ್ನು ಅನುಸರಿಸಿ ಹುಟ್ಟಿದವು. ಕನ್ನಡದ ನಡೆ ಗುರು ಲಘುಗಳ ಅಳತೆಯದು. ಹ್ರಸ್ವಾಕ್ಷರದ ಮೇಲೆ ದೀರ್ಘಸ್ವರ ಬಿದ್ದರೆ ಕನ್ನಡದಲ್ಲಿ ಅರ್ಥವೇ ಪಲ್ಲಟವಾಗುತ್ತದೆ: ದೇವರ ‘ಬಲ’ವು ‘ಬಾಲ’ವಾಗುತ್ತದೆ, ‘ಬಿಡು’ ಎಂಬುದು ‘ಬೀಡು’ ಆಗುತ್ತದೆ. ಒತ್ತಕ್ಷರದ ಮುಂದೆ ಸ್ವರವನ್ನು ಎಳೆದರೆ ಅಕ್ಷರವು ಒಡೆದು, ಪದದ ಎರಡು ತುಂಡುಗಳು ಬೇರೆ ಬೇರೆಯಾಗಿ ಕೇಳುತ್ತವೆ. ವೃಂದವು ಅಭ್ಯಾಸಬಲದಿಂದ ಇದನ್ನು ದಾಟಬಹುದು. ವಾರಕ್ಕೊಮ್ಮೆ ಹಾಡುವ ರೈತನೂ ಅಜ್ಜಿಯೂ ದಾಟಲಾರರು. ಆತ್ಮದಿಂದಲೂ ಬುದ್ಧಿಯಿಂದಲೂ ಹಾಡಬೇಕೆಂಬ ಅಪೊಸ್ತಲನ ಮಾತು ಇಲ್ಲಿ ಉಚ್ಚಾರಣೆಯ ಪ್ರಶ್ನೆಯೂ ಆಗುತ್ತದೆ.

ಹಿಂದಿನವರು ಇದನ್ನು ಅರಿಯದವರಲ್ಲ. ಹೆರ್ಮನ್ ಮೋಗ್ಲಿಂಗರು 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಫರ್ಡಿನೆಂಡ್ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳಿದರು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದರು. ನಿಘಂಟುಕಾರನೆಂದು ಕಿಟ್ಟೆಲರನ್ನು ಕೊಂಡಾಡುವ ನಾವು, ಛಂದಸ್ಸಿನ ವಿದ್ಯಾರ್ಥಿಯಾದ ಕಿಟ್ಟೆಲರಿಂದ ಗಾನವೃಂದದ ಅಭ್ಯಾಸಕ್ಕೆ ಕಲಿತದ್ದು ಕಡಮೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಚಿಕ್ಕ ಸಭೆಗಳನ್ನು ಮನಸ್ಸಿನಲ್ಲಿಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಎಂಟು ಹತ್ತು ಮಂದಿಯ ವೃಂದವನ್ನು ನಾಲ್ಕು ಧ್ವನಿಗಳಾಗಿ ಒಡೆದರೆ ಪ್ರತಿಯೊಂದು ಧ್ವನಿಯೂ ಬಡವಾಗುತ್ತದೆ. ಸಭೆಗೆ ಆಸರೆಯಾಗಬೇಕಾದ ಮೂಲರಾಗವೇ ಅಡಗಿಹೋಗುತ್ತದೆ. ಅದೇ ಸೀಮೆಯಲ್ಲಿ ಸೋಬಾನೆಯ ಹೆಂಗಸರು ಹೇಗೆ ಹಾಡುತ್ತಾರೆ? ಒಬ್ಬಾಕೆ ಪದ ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹೇಳುತ್ತಾರೆ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡು ನಾಡಿಗೆ ತಿಳಿಸಿದರು. ಇಂಥ ನೆಲದಲ್ಲಿ ‘ನಮ್ಮ ಜನಕ್ಕೆ ಹಾಡು ಬಾರದು’ ಎನ್ನುವ ಶಿಕ್ಷಕನು ತನ್ನ ಬೋಧನಾಕ್ರಮವನ್ನೇ ಪರೀಕ್ಷಿಸಿಕೊಳ್ಳತಕ್ಕದ್ದು.

ಆ ಕ್ರಮವು ಹೀಗಿರಬಹುದು. ಮೊದಲು ಪದ್ಯವನ್ನು ತಾಳಕ್ಕೆ ಓದಿಸಿ ಅರ್ಥವನ್ನು ಬಿಡಿಸಬೇಕು. ರಾಗವನ್ನು ಆಮೇಲೆ ಕೂಡಿಸಬೇಕು. ಶ್ರುತಿಯನ್ನು ವೃಂದದ ಎತ್ತರದ ಕಂಠಕ್ಕೆ ಇಡದೆ, ಸಭೆಯ ಸಾಧಾರಣ ಕಂಠಕ್ಕೆ ಇಳಿಸಬೇಕು. ಸೋಲ್ಫಾ ಕ್ರಮದ ‘ದೊ’ ನಮ್ಮ ಷಡ್ಜದಂತೆಯೇ ಯಾವ ಶ್ರುತಿಯಲ್ಲಾದರೂ ನಿಲ್ಲಬಲ್ಲದು; ಆದುದರಿಂದ ಭಜನೆಯ ಹಾರ್ಮೋನಿಯಂ ಬಲ್ಲವನಿಗೂ ಅದನ್ನು ಕಲಿಸುವುದು ಕಠಿಣವಲ್ಲ. ಹೊಸ ಹಾಡನ್ನು ಆರಾಧನೆಗೆ ಮುಂಚೆ ಹತ್ತು ನಿಮಿಷ ಸಭೆಗೇ ಸಾಲುಸಾಲಾಗಿ ಹೇಳಿಕೊಡಬೇಕು.

ಇದರಿಂದ ನಾಲ್ಕು ಧ್ವನಿಯ ಗಾನವನ್ನು ತೊರೆಯಬೇಕೆಂದು ನಾವು ವಾದಿಸುತ್ತಿಲ್ಲ. ಬೇರೆ ಬೇರೆ ಕಂಠಗಳು ಒಂದನ್ನೊಂದು ಆಲಿಸುತ್ತ ಒಂದಾಗುವುದು ಕ್ರಿಸ್ತನ ದೇಹದ ಐಕ್ಯಕ್ಕೆ ಒಳ್ಳೆಯ ಪಾಠ. ದೊಡ್ಡ ಸಭೆಗಳು ಅದನ್ನು ಕಾಪಾಡಲಿ. ಆದರೆ ಮೂಲರಾಗವು ಸಭೆಯ ಬಾಯಲ್ಲಿ ನೆಲೆಸಿದ ಮೇಲೆಯೇ ಉಳಿದ ಧ್ವನಿಗಳು ಅದಕ್ಕೆ ಶೋಭೆ ತರುತ್ತವೆ.

ಈ ಶ್ರಮಕ್ಕೆ ಪ್ರತಿಫಲವುಂಟು. ಹಲವು ಹಳ್ಳಿಗಳನ್ನು ನೋಡಿಕೊಳ್ಳುವ ಸಭಾಪಾಲಕನು ಎಲ್ಲ ಕಡೆಯೂ ಪ್ರತಿ ಭಾನುವಾರ ಇರಲಾರನು. ಅವನಿಲ್ಲದ ದಿನ, ಮಳೆಗೆ ವಿದ್ಯುತ್ತು ಹೋದ ಸಂಜೆ, ಸಾವಿನ ಮನೆಯ ಅಂಗಳದಲ್ಲಿ, ಪುಸ್ತಕವಿಲ್ಲದೆ ಹಾಡಬಲ್ಲ ಸಭೆಯ ಬಳಿ ಅದರ ವಿಶ್ವಾಸದ ಮಾತು ಉಳಿದಿರುತ್ತದೆ. ಪ್ರಸಂಗವನ್ನು ಮರೆತವರೂ ಹಾಡನ್ನು ಮರೆಯರು. ಆದುದರಿಂದ ಸೆಮಿನರಿಯ ವಿದ್ಯಾರ್ಥಿಗಳು ತಮ್ಮ ಮೊದಲ ಸಭೆಗೆ ಹೋದಾಗ, ವೃಂದದಲ್ಲಿ ಎಷ್ಟು ಮಂದಿ ಇದ್ದಾರೆಂದು ವಿಚಾರಿಸುವುದಕ್ಕೆ ಮುಂಚೆ, ಈ ಸಭೆಯು ಪುಸ್ತಕ ನೋಡದೆ ಎಷ್ಟು ಹಾಡುಗಳನ್ನು ಹಾಡಬಲ್ಲದೆಂದು ವಿಚಾರಿಸಲಿ. ಆ ಸಂಖ್ಯೆಯನ್ನು ವರ್ಷಕ್ಕೆ ನಾಲ್ಕರಂತೆ ಹೆಚ್ಚಿಸಿದ ಗಾನಶಿಕ್ಷಕನು ತನ್ನ ಸೇವೆಯನ್ನು ಸಾರ್ಥಕವಾಗಿ ನಡಸಿದನೆಂದು ನಾವು ಧೈರ್ಯದಿಂದ ಹೇಳಬಹುದು.